ಬಿದ್ದ ಕಡ್ಡಿಗೆ ಯಾರೂ ಓಡಲಿಲ್ಲ

ಗುಂಡ್ಲುಪೇಟೆ ತಂಡದ ಕೊನೆಯ ರಾಕೆಟ್ಟನ್ನು ಹಣೆತುಂಬ ವಿಭೂತಿ ಧರಿಸಿದ್ದ ಭೀಮನಬೀಡಿನ ರೈತರೊಬ್ಬರು ಎರಡೂ ಕೈಯಲ್ಲಿ ಹಿಡಿದು ತಂದಾಗ ನಮ್ಮ ಗದ್ದಲ ನಿಂತಿತು. ಸ್ಪುಟ್ನಿಕ್ ಹಾರಿದ ಮರುವರ್ಷ, ನಮ್ಮೂರು ಚಾಮರಾಜನಗರದ ಹೊರಗೆ ಒಣಗಿದ ಕೆರೆಯಂಗಳದಲ್ಲಿ ಎರಡೂ ಊರಿನ ಹೈಸ್ಕೂಲು ರಾಕೆಟ್ ಸಂಘಗಳ ಸ್ಪರ್ಧೆ ನಡೆದಿತ್ತು. ರಟ್ಟಿನ ಕೊಳವೆಗೆ ಮದ್ದು ತುಂಬಿ, ಬಿದಿರು ಕಡ್ಡಿ ಕಟ್ಟಿ ಹಾರಿಸುತ್ತಿದ್ದೆವು. ಕಟ್ಟಿದವನೇ ಬತ್ತಿಗೆ ಕಿಡಿ ಮುಟ್ಟಿಸಬೇಕೆಂಬುದು ನಿಯಮ. ಬಿದ್ದ ಕಡ್ಡಿ ಮಾತ್ರ ಮೊದಲು ಓಡಿ ಹಿಡಿದವನದು. ಅದಕ್ಕಾಗಿ ಎರಡೂ ಕಡೆಯವರು ಕೂಗಾಡುತ್ತಾ ಓಡುತ್ತಿದ್ದೆವು.

ಕಟ್ಟಿದವನೆಲ್ಲಿ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಕೇಳಿದರು.

“ಕಟ್ಟಿದ್ದು ನನ್ ಮಗ, ಮೇಷ್ಟ್ರೆ. ಜರ ಬಂದು ಓಗ್ಬುಟ್ಟ,” ಎಂದರು ಆ ರೈತರು. “ಇದ ಮನೇಲಿ ಮಡಿಕ್ಕಳಾಕೂ ಆಗ್ದು, ಎಸ್ದುಬುಡಾಕೂ ಆಗ್ದು.”

ಮೇಷ್ಟ್ರು ನಿಯಮದ ಮಾತೆತ್ತದೆ, ಕಿಡಿ ಮುಟ್ಟಿಸಲು ಹಚ್ಚಿಟ್ಟಿದ್ದ ಊದುಬತ್ತಿಯನ್ನು ಅವರ ಕೈಗೇ ಕೊಟ್ಟರು. ಅವರು ತಮ್ಮ ಹಣೆಯ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ಕೊಳವೆಗೆ ಹಚ್ಚಿ, ಬತ್ತಿ ಹೊತ್ತಿಸಿದರು. ಅಂದು ಹಾರಿದವುಗಳಲ್ಲಿ ಅದೇ ಎಲ್ಲಕ್ಕಿಂತ ಎತ್ತರಕ್ಕೆ ಹೋಯಿತೆಂದೇನಿಲ್ಲ. ತುಸು ಓಲಾಡಿತು, ಕಡ್ಡಿ ದೂರದ ಜಾಲಿ ಗಿಡಗಳಾಚೆ ಬಿತ್ತು. ನಮ್ಮಲ್ಲಿ ಒಬ್ಬನೂ ಕದಲಲಿಲ್ಲ. ಅವರೊಬ್ಬರೇ ಬಿಸಿಲಿನಲ್ಲಿ ನಡೆದುಹೋಗಿ, ಸುಟ್ಟ ಕಡ್ಡಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುವವರೆಗೂ ಎರಡೂ ತಂಡದವರು ನಿಂತೇ ಇದ್ದೆವು.

ಮುಂದಿನ ಸ್ಪರ್ಧೆಯಿಂದ, ಯಾರೂ ಹೇಳದೆಯೇ, ಕಡ್ಡಿಗಾಗಿ ಓಡುವುದು ನಿಂತುಹೋಯಿತು. ಕಟ್ಟಿದವನೇ ನಡೆದುಹೋಗಿ ತರುತ್ತಿದ್ದ. ಅವನು ಬರುವವರೆಗೆ ಉಳಿದವರು ಕಾಯುತ್ತಿದ್ದೆವು.