ಬೀಗವಿಲ್ಲದ ಬೀಗದ ಕೈಗಳು

ಅಜ್ಜಿಯ ಸೊಂಟದಲ್ಲಿ ಸದಾ ಜೋತಾಡುವ ಬೀಗದ ಕೈಗೊಂಚಲು ನೋಡಿ ನೀವು ನಗುತ್ತೀರಿ, ಮಕ್ಕಳೇ. ಅವುಗಳ ಬೀಗಗಳು ಎಂದೋ ತುಕ್ಕು ಹಿಡಿದು ಗುಜರಿಗೆ ಹೋದವು. ತೆರೆಯಲು ಏನೂ ಇಲ್ಲದ ಕೈಗಳನ್ನು ಏಕೆ ಹೊತ್ತು ತಿರುಗುತ್ತೇನೆಂದು ಎದುರು ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ದೊಡ್ಡಮ್ಮ ಗೌರಿಗೆ ಕಣ್ಣು ಕಾಣದು. ಎಳವೆಯ ಜ್ವರ ಅದನ್ನು ಕೊಂಡೊಯ್ದಿತು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ನಾನು ಯಾವ ಮೂಲೆಯಲ್ಲಿದ್ದೇನೆಂದು ಅವಳು ತಿಳಿಯುತ್ತಿದ್ದುದು ನನ್ನ ಗಾಜಿನ ಬಳೆಗಳಿಂದ. ಸೊಪ್ಪು ಸೋಸುವಾಗ ಒಂದು ಸದ್ದು, ಮುದ್ದೆ ಕಟ್ಟುವಾಗ ಇನ್ನೊಂದು. ಕ್ಯಾಸೆಟ್ಟು ಹೋಗಿ ಕಂಪ್ಯೂಟರು ಬಂದ ಕಾಲದಲ್ಲಿ, ಅಕ್ಷರಗಳನ್ನು ಓದಿ ಹೇಳುವ ಕಂಪ್ಯೂಟರು ಬಳಸುವುದನ್ನು ಹಾಸನದಲ್ಲಿ ಕಲಿತು ಬಂದು, ಕಣ್ಣು ಕಾಣದ ಮಕ್ಕಳಿಗೂ ಒಂದು ಕಂಪ್ಯೂಟರ್ ಆಟ ಬೇಕೆಂದು ತಾನೇ ಮಾಡಲು ಕೂತಳು. ಅದರಲ್ಲಿ ಚಿತ್ರವಿಲ್ಲ. ಹೆಡ್‌ಫೋನಿನ ಎಡಗಿವಿಯಲ್ಲಿ ಹಿಟ್ಟಿನ ಗಿರಣಿ, ಬಲಗಿವಿಯಲ್ಲಿ ಬೀದಿ ನಲ್ಲಿ. ಬೆರಳಿಗೆ ಸಿಗಲೆಂದು ಕೀಲಿಮಣೆಯ ಗುಂಡಿಗಳ ಮೇಲೆ ಅಂಟಿಸಿದ ಹುಣಸೆಬೀಜ. ಆಟದಲ್ಲಿ ಬಸ್ಸಿಳಿದ ಮಗು ಸದ್ದು ಹಿಡಿದು ಮನೆ ಸೇರಬೇಕು. ದಾರಿ ತಪ್ಪಿದರೆ ನಾಯಿ ಬೊಗಳುತ್ತದೆ. ಮನೆ ಸೇರಿದರೆ ಅಮ್ಮನ ಬಳೆ. ಅದು ನನ್ನದೇ. ಒಂದು ಬೆಳಿಗ್ಗೆ, "ಸುಮ್ನೆ ಕೆಲ್ಸ ಮಾಡ್ಕೊ ಅಮ್ಮ, ಮೈಕ್ ಮುಂದೆ ಮದುಮಗಳ ಥರ ನಾಚ್ಕೋಬೇಡ" ಎಂದು ಆ ಸದ್ದನ್ನು ಹಿಡಿದುಕೊಂಡಿದ್ದಳು.

ಆಟ ಮುಗಿಯುವ ಮೊದಲೇ ನಿಮ್ಮ ತಾತ ತೀರಿಕೊಂಡರು. ಹತ್ತನೆಯ ದಿನ ನನ್ನ ಬಳೆ ಒಡೆದರು. ಗೌರಿ ನನ್ನ ಪಕ್ಕದಲ್ಲೇ ಕೂತು, ಗಾಳಿಯನ್ನು ತಡವುತ್ತ, "ಅಮ್ಮ ಎಲ್ಲಿ?" ಎಂದು ಬಂದವರನ್ನೆಲ್ಲ ಕೇಳಿದಳು. ಶಾಸ್ತ್ರ ಮಾಡಿದವರು ಕೆಟ್ಟವರಲ್ಲ. ನೋಡುವವರ ಕಣ್ಣಿಗೆಂದು ಹುಟ್ಟಿದ ಪದ್ಧತಿ, ನೋಡಲಾರದವಳ ತಾಯಿಯನ್ನೇ ಮಾಯ ಮಾಡೀತೆಂದು ಯಾರು ಎಣಿಸಿದ್ದರು?

ಕೆಲವು ದಿನಗಳಲ್ಲಿ ನಿಮ್ಮ ತಾತನ ತಂಗಿ ಕಂಪ್ಯೂಟರಿನಿಂದ ಬಂದ ಸದ್ದಿಗೆ ಬೆಚ್ಚಿದಳು. "ಗಂಡ ಓದ್ಮೇಲೆ ಅವ್ಳ ಬಳೆ ಸದ್ದು ಯಾಕೆ ಕಣೇ ಮನೇಲಿ? ತಗ್ದಾಕು ಅತ್ಲಾಗೆ!"

"ಕೈಯಿಂದ ತಗ್ಸಿದ್ದು ಸಾಲ್ದಾ ಅತ್ತೆ? ಇದ್ರೊಳಿಕೂ ಕೈ ಆಕ್ಬೇಕಾ?" ಎಂದಳು ಗೌರಿ.

ಅವಳ ಅತ್ತೆ ಹೋದ ಮೇಲೆ ನಾನು ಟ್ರಂಕಿನಲ್ಲಿದ್ದ ಹಳೆಯ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಬಳೆಯ ಬದಲು ಇದನ್ನೇ ಆಟಕ್ಕೆ ಹಾಕು ಎಂದೆ. ಅವಳು ಕಿವಿಗೊಟ್ಟು ತಲೆಯಲ್ಲಾಡಿಸಿದಳು.

"ಇದು ಅಂಗಡಿ ಬಾಗ್ಲು ತೆಗ್ಯೋಕೆ ಬಂದೋರು ಕಣಮ್ಮ, ಅಮ್ಮ ಅಲ್ಲ. ಬಳೇದು ಒಂದ್ಸಲ ಕೇಳ್ನೋಡು. ಆಮೇಲೂ ತೆಗಿ ಅಂದ್ರೆ ತೆಗೀತೀನಿ."

ನನ್ನ ಕಿವಿಗೆ ಹೆಡ್‌ಫೋನು ಹಾಕಿದಳು. ಗಿರಣಿ, ನಲ್ಲಿ, ಬಾಗಿಲು, ಬಳೆ. ಬಳೆಯ ಹಿಂದೆ, ದೂರದಲ್ಲಿ, ಜಗಲಿಯ ಮೇಲೆ ನಿಮ್ಮ ತಾತನ ಕೆಮ್ಮು.

ತೆಗೆ ಎನ್ನಲಾಗಲಿಲ್ಲ. ಯಾವುದೋ ಊರಿನ ಕಣ್ಣು ಕಾಣದ ಮಗು ದಾರಿ ಹುಡುಕಿಕೊಂಡು ಆ ಮನೆ ಸೇರಿದಾಗ, ಅಲ್ಲಿ ನಾನು ಬಳೆ ತೊಟ್ಟೇ ಇರುತ್ತೇನೆ, ಅವರು ಕೆಮ್ಮುತ್ತಲೇ ಇರುತ್ತಾರೆ. ಇಲ್ಲಿ ಮಾತ್ರ, ನಾನು ಕೋಣೆಗೆ ಕಾಲಿಟ್ಟಾಗೆಲ್ಲ, ಇಷ್ಟು ವರ್ಷಗಳಾದರೂ ಗೌರಿ ಮೊದಲು "ಯಾರು?" ಎನ್ನುತ್ತಾಳೆ.

ನಾನು ಬೀಗದ ಕೈ ಅಲುಗಿಸುತ್ತೇನೆ.