ಹತ್ತುವ ಮೀನಿಗೆ ದಾರಿ

ನನ್ನ ತಮ್ಮ ವಸಂತನಿಗೆ ಮೀನೆಂದರೆ ಪ್ರಾಣ. (ಹೋಗುವುದು ಮೀನಿನ ಪ್ರಾಣ, ಆ ಮಾತು ಬೇರೆ.)

ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ವಾಮದಪದವಿನಿಂದ ಅವನ ಫೋನ್. "ಅಕ್ಕ, ಮೀನು ಹತ್ತುತ್ತಾ ಉಂಟು. ಭಾನುವಾರ ಊಟಕ್ಕೆ ಬಾ."

ಮೂಡುಬಿದಿರೆಯಿಂದ ಬೆಳಗ್ಗಿನ ಬಸ್ಸಿಗೇ ಹೊರಟೆ. ಇಂಥ ವಿಷಯದಲ್ಲಿ ನಾನು ಲೇಟ್ ಆಗುವುದಿಲ್ಲ.

ಹೊಸ ನೀರು ಬಂತೆಂದರೆ ಹೊಳೆಯ ಮೀನುಗಳು ಗದ್ದೆಯಿಂದ ಹೊಳೆಗೆ ಹರಿಯುವ ತೋಡಿನಲ್ಲಿ ನೀರಿಗೆ ಎದುರು ಈಜಿ ಗದ್ದೆಗೆ ಹತ್ತುತ್ತವೆ. ಮೊಟ್ಟೆ ಇಡುವುದಕ್ಕೆ. ವಸಂತ ತೋಡಿಗೆ ಈ ದಡದಿಂದ ಆ ದಡಕ್ಕೆ ಬಲೆ ಕಟ್ಟಿದ್ದ. ಬೆರಳಷ್ಟು ಮೀನೂ ದಾಟುವ ಹಾಗಿರಲಿಲ್ಲ. ಬಕೆಟ್ಟಿನ ತುಂಬ ಮುಗುಡು ಮೀನು. ಅವನ ಹೆಂಡತಿ ಪುಷ್ಪ ಕಲ್ಲಿನ ಮೇಲೆ ಕುಳಿತು ಕೊಯ್ಯುತ್ತಿದ್ದಳು.

"ಕೊಯ್ದದ್ದೆಲ್ಲ ಬಸುರಿ, ಪಾಪ" ಅಂದಳು. ದನಿಯಲ್ಲಿ ಬೇಜಾರಿತ್ತು.

ಅಷ್ಟರಲ್ಲಿ ಕೊಡೆ ಹಿಡಿದು ಜಿನರಾಜಣ್ಣ ಬಂದರು. ತೋಡಿನ ಮೇಲ್ಭಾಗದ ಗದ್ದೆ ಅವರದು. ಜೈನರು. ಬೆಳ್ಳುಳ್ಳಿಯನ್ನೂ ಮುಟ್ಟದವರು.

"ಇನ್ನು ಪ್ರವಚನ ಉಂಟು" ಎಂದು ವಸಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಪ್ರವಚನ ಇರಲಿಲ್ಲ. ಅವರು ಬಲೆಯತ್ತ ಬೆರಳು ತೋರಿಸಿದರು.

"ವಸಂತ, ನೀನು ಮೀನು ತಿನ್ನಬೇಡ ಅಂತ ನಾನು ಹೇಳುವುದಿಲ್ಲ. ಮೊದಲೆಲ್ಲ ಗದ್ದೆಯಲ್ಲಿ ನೇಜಿ ನೆಡುವಾಗ ಮೀನಿನ ಮರಿಗಳು ಕಾಲಿಗೆ ಕಚಗುಳಿ ಇಡ್ತಿದ್ದವು. ಕಳೆದ ವರ್ಷ ಒಂದೂ ಕಾಣಲಿಲ್ಲ. ನನ್ನ ಮನೆಗೆ ಬರುವವರನ್ನು ನೀನು ಗೇಟಿನಲ್ಲೇ ಹಿಡಿದರೆ ಹೇಗೆ?"

ನಾವೆಲ್ಲ ಹೇಳುವುದನ್ನೇ ವಸಂತನೂ ಹೇಳಿದ.

"ನಾನು ಬಿಟ್ಟರೆ ಮೇಲಿನವರು ಹಿಡೀತಾರೆ, ಅಣ್ಣ."

"ಮೇಲಿನವ ನಾನೇ ಅಲ್ವಾ ಮಾರಾಯ?"

ಮೊದಲು ಪುಷ್ಪ ನಕ್ಕಳು. ಆಮೇಲೆ ಎಲ್ಲರೂ. ನಗುತ್ತಲೇ ಎದ್ದುಹೋಗಿ ಅವಳು ಬಲೆಯ ಒಂದು ಬದಿಯ ಗಂಟು ಬಿಚ್ಚಿದಳು. "ಇವತ್ತಿಗೆ ಇಷ್ಟು ಸಾಕು. ಅವು ಮರಿ ಮಾಡ್ಲಿ. ಇಳಿಯುವಾಗ ಹಿಡಿಯುವ."

ವಸಂತ ಗೊಣಗುತ್ತ ಇನ್ನೊಂದು ಬದಿ ಬಿಚ್ಚಿದ. ಬಕೆಟ್ಟಿನಲ್ಲಿ ಜೀವ ಇದ್ದವನ್ನೂ ನೀರಿಗೆ ಬಿಟ್ಟ. ಒಂದು ದಪ್ಪ ಮುಗುಡು ಸುಧಾರಿಸಿಕೊಂಡು, ಬಾಲ ಬೀಸಿ, ಮೇಲಿನ ಗದ್ದೆಯ ಕಡೆ ಹೊರಟಿತು. ಹೆರಿಗೆಗೆ ತವರಿಗೆ ಹೊರಟವಳನ್ನು ಬಸ್ಸು ಹತ್ತಿಸಿದವರ ಹಾಗೆ ನಾವು ಮಳೆಯಲ್ಲಿ ನಿಂತು ನೋಡಿದೆವು. ಮಧ್ಯಾಹ್ನ ಪಾಲಿಗೆ ಬಂದ ಮೀನು ಚಿಕ್ಕದಿತ್ತು. ಯಾಕೋ ಯಾರೂ ತಕರಾರು ಮಾಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ವಸಂತನಿಗೆ ಜಿನರಾಜಣ್ಣನ ಫೋನ್.

"ಗದ್ದೆಯ ನೀರು ಇಳೀತಾ ಉಂಟು. ನಾನು ಇಷ್ಟೇ ಹೇಳುವುದು."

(ಹೆಚ್ಚು ಹೇಳಿದರೆ ಅವರ ವ್ರತಕ್ಕೆ ತೊಂದರೆ.)

ಈ ಸಲ ವಸಂತ ಅರ್ಧ ತೋಡಿಗೆ ಮಾತ್ರ ಬಲೆ ಕಟ್ಟಿದ. ಅದೂ ದೊಡ್ಡ ಕಣ್ಣಿನದು. ಮರಿಗಳೆಲ್ಲ ನುಸುಳಿ ಹೊಳೆ ಸೇರಿದವು. ನನಗೆ ಪುನಃ ಕರೆ ಬಂತು, ಪುನಃ ಹೋದೆ. ಪುಷ್ಪ ಮಾಡಿದ ಹುಳಿ-ಖಾರದ ಮೀನಿನ ಪುಳಿಮುಂಚಿಯ ಬಗ್ಗೆ ಬರೆಯಲು ಈ ಕಾಲಂ ಸಾಲದು.

ಈಗ ತೋಡಿಗೆ ವಸಂತನದೇ ಕಾವಲು. ಬ್ಲೀಚಿಂಗ್ ಪೌಡರ್ ಹಾಕಿ, ಕರೆಂಟ್ ಕೊಟ್ಟು ಮೀನು ಹಿಡಿಯಲು ಬಂದವರು ಅವನ ಬಾಯಿ ಕೇಳಿ ಪುಂಜಾಲಕಟ್ಟೆಯವರೆಗೆ ತಿರುಗಿ ನೋಡದೆ ಹೋಗಿದ್ದಾರಂತೆ.

ಮೀನು ಉಳಿಸುವ ಕೆಲಸ ತಿನ್ನದವರದು ಅಂದುಕೊಂಡಿದ್ದೇವೆ. ಬರುವ ವರ್ಷವೂ ಬಾಳೆಲೆ ಹಾಕಿ ಮೀನಿಗಾಗಿ ಕಾಯುವವರು ತಿನ್ನುವ ನಾವೇ ತಾನೇ?