ತೊಗರಿ ಕಟ್ಟಿಗೆ ಮತ್ತು ಭಟ್ಟಿಯ ಬಾಗಿಲು

ಕಟ್ಟಿಗೆ ಎರಡು ಸಲ ಹಸಿಯಾಗಿಯೇ ಬಂತು. ಭಾಲ್ಕಿಯ ನಮ್ಮ ಬೇಕರಿಯ ಭಟ್ಟಿ ದಿನವಿಡೀ ಹೊಗೆ ಕಾರಿತು, ಪಾವ್ ಬ್ರೆಡ್ಡಿಗೆ ಕಮಟು ವಾಸನೆ ಹತ್ತಿತು. ಎದುರು ಮನೆಯಾಕೆ ಒಣಹಾಕಿದ ಬಟ್ಟೆಗಳನ್ನು ಬಾಚಿಕೊಂಡು, ನನ್ನತ್ತ ಒಮ್ಮೆ ನೋಡಿ ಬಾಗಿಲು ಹಾಕಿಕೊಂಡಳು. ಒಂದು ಕಡೆ ಕುಳಿತು ಯೋಚಿಸುವುದು ನನ್ನಿಂದ ಆಗದ ಕೆಲಸ. ಮೂರನೆಯ ಸಲ ಟೆಂಪೊ ಔರಾದ ಕಡೆ ಕಟ್ಟಿಗೆಗೆ ಹೊರಟಾಗ ಚಾಲಕನ ಪಕ್ಕ ನಾನೇ ಹತ್ತಿ ಕುಳಿತೆ.

"ಗಲ್ಲಾ ಯಾರ್ ನೋಡ್ಬೇಕು?" ಎಂದು ನನ್ನ ಗಂಡ ಕೂಗಿದರು. ಅಷ್ಟರಲ್ಲಿ ಟೆಂಪೊ ಹೊರಟಾಗಿತ್ತು.

ಔರಾದ ದಾಟಿದ ಮೇಲೆ ಒಂದು ಹೊಲದ ಬದುವಿನಲ್ಲಿ ನಿಂತೆವು. ಹೊಲದವನು ತನ್ನ ಸಾಲು ಜಾಲಿ ಗಿಡಗಳನ್ನು ಮಾರಿದ್ದ. ಆಗಷ್ಟೇ ಕಡಿದಿದ್ದರು, ಬುಡಗಳು ಇನ್ನೂ ತೇವವಾಗಿದ್ದವು. ಒಂದು ಬುಡದ ಮೇಲೆ ಕುರಿ ಕಾಯುವ ಹೆಂಗಸೊಬ್ಬಳು ಕುಳಿತಿದ್ದಳು. ಅವಳ ಕುರಿಗಳು ಬಿದ್ದ ಟೊಂಗೆಗಳಲ್ಲಿ ಉಳಿದ ಕಾಯಿಗಳನ್ನು ಗಡಿಬಿಡಿಯಲ್ಲಿ ತಿನ್ನುತ್ತಿದ್ದವು.

"ಎಲ್ಲಿಗಿ ಒಯ್ತಾರ್ರಿ ಇದು?" ಎಂದು ಕೇಳಿದಳು.

"ಭಾಲ್ಕಿಗಿ."

"ಏನ್ ಮಾಡ್ತಾರ?"

"ಸುಡ್ತಾರ," ಎಂದೆ. ಯಾರು ಎಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

"ಬ್ಯಾಸಗ್ಯಾಗ ಹುಲ್ಲ ಎಲ್ಲಿ ಅದರಿ? ಈ ಕಾಯಿ ಮ್ಯಾಲೇ ಕುರಿ ದಿನಾ ಕಳೀತಿದ್ವು. ಇನ್ನ ದೂರ ಹೋಗ್ಬೇಕು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ.

ಮರಳಿ ಬಂದ ಮೇಲೆ ಗಲ್ಲಾದ ಹಿಂದೆ ಕೂರಲು ಆಗಲಿಲ್ಲ. ಕಟ್ಟಿಗೆ ಬಿಡಬೇಕು ಎಂದು ಮನಸ್ಸಿಗೆ ಬಂತು, ಆದರೆ ಬಿಟ್ಟು ಹಿಡಿಯುವುದೇನು? ಮರುದಿನವೇ ಬೀದರಕ್ಕೆ ಹೋಗಿ ಕರೆಂಟಿನ ಓವನ್ನಿನ ಬೆಲೆ ಕೇಳಿದೆ. ಕೇಳಿದಷ್ಟೇ ಬೇಗ ಅಂಗಡಿಯಿಂದ ಹೊರಬಿದ್ದೆ. ಅಲ್ಲಿಂದ ನೇರ ಗಾಂಧಿ ಗಂಜ್ ಮಾರುಕಟ್ಟೆಗೆ ನಡೆದೆ. ದಾಲ್ ಮಿಲ್ಲುಗಳಲ್ಲಿ ತೊಗರಿ ಹೊಟ್ಟು ರಾಶಿ ಬೀಳುತ್ತದೆ, ಅದನ್ನೇ ಉರಿಸಿದರಾಯಿತು ಎಂದು ದಾರಿಯಲ್ಲೇ ಲೆಕ್ಕ ಹಾಕಿಬಿಟ್ಟಿದ್ದೆ. ನಾವು ಮೈದಾ ಕೊಳ್ಳುವ ಅಡತಿ ಅಂಗಡಿಯವರು ನನ್ನ ಮಾತು ಕೇಳಿ ಮೂಟೆಗೆ ಒರಗಿ ನಕ್ಕರು.

"ಅಕ್ಕೋರ, ಹೊಟ್ಟು ಎಮ್ಮಿ ತಿಂತಾವ. ಅದಕ್ಕ ಸರತಿ ಹಚ್ಚಿ ನಿಂತಾರ ಮಂದಿ. ನೀವ್ ಸುಡ್ತೀರೇನ್ರಿ?" ಆಮೇಲೆ ನನ್ನ ಮುಖ ನೋಡಿ, "ಹೊಟ್ಟು ಬ್ಯಾಡ, ತೊಗರಿ ಕಟ್ಟಿಗಿ ನೋಡ್ರಿ. ರಾಶಿ ಆದ ಮ್ಯಾಲ ಹೊಲದಾಗೇ ಬೆಂಕಿ ಹಚ್ತಾರ," ಎಂದರು.

ಮೂರನೆಯ ದಿನ ನಾನು ಸಾಯಗಾಂವದಲ್ಲಿದ್ದೆ. ಅಲ್ಲಿ ಗಂಡನ ದೂರದ ನೆಂಟರ ಹೊಲವಿದೆ. ತೊಗರಿ ಒಕ್ಕಣೆ ಮುಗಿದು ಒಣ ಕಟ್ಟಿಗೆ ಬದುವಿಗೆ ರಾಶಿ ಬಿದ್ದಿತ್ತು. ತಮ್ಮ ಒಲೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಒಯ್ಯಲು ಅವರು ಸಂತೋಷದಿಂದ ಒಪ್ಪಿದರು. ಟ್ರ್ಯಾಕ್ಟರಿನ ಬಾಡಿಗೆಯಷ್ಟೇ ಖರ್ಚು. ಗೆದ್ದೆ ಎಂದುಕೊಂಡೆ.

ನಮ್ಮ ಭಟ್ಟಿಯ ಉಸ್ತಾದರು ಆ ರಾಶಿಯ ಸುತ್ತ ಒಮ್ಮೆ ಬಂದರು. ನಮ್ಮ ಬೇಕರಿಯ ಎಲ್ಲ ಕೆಲಸದಲ್ಲೂ ನಾನು ಕೈ ಹಾಕುತ್ತೇನೆ, ಭಟ್ಟಿ ಮಾತ್ರ ಅವರದು. ಬೀದರದ ಮೈಲೂರಿನಿಂದ ದಿನಾ ಬರುವ ಹಿರಿಯರು, ಅವರ ತಂದೆಯೂ ಭಟ್ಟಿಯ ಮುಂದೆಯೇ ನಿಂತವರು. ಭಟ್ಟಿಯ ಬಾಯಿಗೆ ಬರಿಗೈ ಹಿಡಿದು ಪಾವಿನ ಹದವೋ ಖಾರಿ ಬಿಸ್ಕತ್ತಿನ ಹದವೋ ಹೇಳಬಲ್ಲರು. ಒಂದು ಕಟ್ಟಿಗೆ ಮುರಿದು, "ಇದು ಪಟಾಕಿ ಹಂಗ್ ಉರೀತದ ಬೇಟಿ. ನಿಧಾನ ಮಾಡೋಣ, ಅರ್ಧ ಇದು, ಅರ್ಧ ಜಾಲಿ," ಎಂದರು.

"ಇವತ್ತ ಪೂರಾ ಇದ್ರಾಗೇ ಮಾಡೋಣ್ರಿ," ಎಂದೆ ನಾನು.

ಉರಿ ಭರ್ರೆಂದು ಎದ್ದಿತು. ಭಟ್ಟಿಯ ಮಾಳಿಗೆ, ಅಂದರೆ ಒಳಗಿನ ಚಾವಣಿ, ನೋಡನೋಡುತ್ತ ಬೆಳ್ಳಗೆ ಕಾಯಿತು. ನಾನು ಅವಸರ ಮಾಡಿ ಹಿಟ್ಟಿನ ತಟ್ಟೆಗಳನ್ನು ಒಳಗೆ ಹಾಕಿಸಿದೆ. ಹಾಕಿಸಿದವಳು ಸುಮ್ಮನಿರಬೇಕಲ್ಲ? ಬಾಗಿಲು ತೆಗೆದು ನೋಡಿದೆ, ಮುಚ್ಚಿದೆ, ಹಿಂದಿನ ಸಾಲು ಹೇಗಿದೆಯೋ ಎಂದು ಮತ್ತೆ ತೆಗೆದೆ. ಹೊರಬಂದ ಪಾವು ಮೇಲೆ ಕರಕಲಾಗಿದ್ದವು, ಕೆಳಗೆ ಹಸಿ ಹಿಟ್ಟು. ಗಂಡ ಖಾಲಿ ಕ್ರೇಟುಗಳೊಂದಿಗೆ ನಿಂತೇ ಇದ್ದರು. ನಾನು ತಡೆಯಲಾರದೆ, "ಉಸ್ತಾದ್, ನೀವಾದ್ರೂ ಹೇಳ್ಬಾರದೇನ್ರಿ?" ಎಂದುಬಿಟ್ಟೆ.

ಅವರು ಸೊಂಟಕ್ಕೆ ಸುತ್ತಿಕೊಂಡಿದ್ದ ಕೈ ಒರೆಸುವ ಬಟ್ಟೆ ಬಿಚ್ಚಿ ಮಡಚಿಟ್ಟರು. "ಭಟ್ಟಿ ನಿಮ್ದು, ಕಟ್ಟಿಗಿ ನಿಮ್ದು. ಕೈನೂ ನಿಮ್ದೇ ಹಚ್ರಿ," ಎಂದು ಚಪ್ಪಲಿ ಮೆಟ್ಟಿದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಆ ಎರಡು ದಿನ ಬೇಕರಿಯಲ್ಲಿ ಮಾರಲು ಹಳೆಯ ಟೋಸ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಅಂಗಡಿಯ ಮುಂದಿನಿಂದ ಭಟ್ಟಿಗೆ, ಭಟ್ಟಿಯಿಂದ ಅಂಗಡಿಗೆ ಓಡಾಡಿದೆ. ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಏರಿಸಿದೆ. "ಹೋಗಿ ಕರ್ಕೊಂಡ್ ಬಾ. ಇಲ್ಲಿ ತಿರುಗಿ ತಿರುಗಿ ನನಗೂ ತಲಿ ತಿರಗಸ್ತಿ," ಎಂದರು ಗಂಡ. ಹೋಗಲು ನಾಚಿಕೆ, ಹೋಗದಿದ್ದರೆ ಗತಿಯಿಲ್ಲ. ಮೂರನೆಯ ಬೆಳಿಗ್ಗೆ ಬೀದರದ ಬಸ್ಸು ಹತ್ತಿದೆ.

ಉಸ್ತಾದರ ಮನೆಯವರು ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. ಉಸ್ತಾದರು ಚಾಪೆಯ ಮೇಲೆ ಕುಳಿತು ನಾನು ಕ್ಷಮೆ ಕೇಳುವುದನ್ನು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಮಾತು. "ಬೇಟಿ, ಆ ದಿನ ಬಾಗಿಲ ಎಷ್ಟ್ ಸಲ ತಗದ್ರಿ?"

ಬೆರಳು ಮಡಚಿ ಎಣಿಸತೊಡಗಿದೆ, ನಡುವೆಯೇ ಲೆಕ್ಕ ತಪ್ಪಿತು.

"ನನಗೂ ಲೆಕ್ಕ ತಪ್ತು. ಆ ದಿನ ಒಂದೇ ಅಲ್ಲ, ದಿನಾ ತಗೀತೀರಿ. ನೀವ್ ತಗದಷ್ಟ್ ಸಲ ನಾ ಕಟ್ಟಿಗಿ ಒಟ್ಟಬೇಕು. ಆಮ್ಯಾಲ ಮುಂಜಾನಿ ಒಮ್ಮಿ ಭಟ್ಟಿ, ಸಂಜಿಗಿ ಒಮ್ಮಿ ಭಟ್ಟಿ. ಆರಿದ ಕಲ್ಲು ಮತ್ತ ಕಾಸೋದು. ಹಿಂಗಾದ್ರ ಎಷ್ಟ್ ಗಿಡ ಸಾಕಾಗ್ತಾವ್ರಿ?"

ನಾನು ಊರೂರು ತಿರುಗಿ ಹುಡುಕಿದ್ದು ಉರುವಲನ್ನು. ಅದು ಸೋರಿಹೋಗುತ್ತಿದ್ದದ್ದು ನನ್ನ ಕೈಯಿಂದಲೇ.

ಅವರು ಬರಲು ಒಪ್ಪಿದರು, ಎರಡು ಷರತ್ತಿನ ಮೇಲೆ. ಬಾಗಿಲು ಮುಚ್ಚಿದ ಮೇಲೆ ನಾನು ಭಟ್ಟಿಯ ಕೋಣೆಗೆ ಕಾಲಿಡಬಾರದು. ದಿನಕ್ಕೆ ಒಂದೇ ಭಟ್ಟಿ.

ಮೊದಲು ಬಾಗಿಲನ್ನು ಸರಿಪಡಿಸಿದೆವು. ತಗಡು ಬಾಗಿ ಸುತ್ತಲೂ ಸಂದು ಬಿದ್ದಿತ್ತು. ವೆಲ್ಡಿಂಗ್ ಅಂಗಡಿಯವನು ಹಳೆಯ ತಗಡು ಜೋಡಿಸಿ ದುಪ್ಪಟ್ಟು ಮಾಡಿಕೊಟ್ಟ. ನಡುವೆ ಬೂದಿ ತುಂಬಿದೆವು, ಅಂಚಿಗೆ ಕೆಮ್ಮಣ್ಣು ಮೆತ್ತಿದೆವು. ತೊಗರಿ ಕಟ್ಟಿಗೆಯಲ್ಲಿ ಉರಿ ಎಬ್ಬಿಸಿ, ಮೇಲೆ ನಾಲ್ಕೈದು ದಪ್ಪ ಕೊರಡು ಇಟ್ಟು, ಕೆಂಡ ಹೊರಗೆಳೆದ ಮೇಲೆ ಉಸ್ತಾದರು ಬಾಗಿಲು ಮುಚ್ಚಿ ಸುಮ್ಮನೆ ಕುಳಿತರು. ಮಾಳಿಗೆಯ ಕಾವು ತಳದ ಕಲ್ಲಿಗೂ ಇಳಿಯಲಿ ಎಂದು ಅರ್ಧ ಗಂಟೆ ಕಾದರು. ಹೊರಗೆ ನಾನು ಕೈ ಹಿಸುಕಿಕೊಳ್ಳುತ್ತ ಬೀದಿಯ ಆ ತುದಿಯವರೆಗೆ ಹೋಗಿ ಬಂದೆ. ಮೊದಲು ಪಾವು, ಅದನ್ನು ತೆಗೆದ ಮೇಲೆ ಖಾರಿ, ಆಮೇಲೆ ಬಿಸ್ಕತ್ತು, ಕೊನೆಗೆ ಆರುವ ಕಾವಿನಲ್ಲಿ ಟೋಸ್ಟು. ನಡುವೆ ಒಂದು ಕಡ್ಡಿಯನ್ನೂ ಒಟ್ಟಲಿಲ್ಲ. ಪಾವು ಕೆಂಪಗೆ, ಹಗುರಾಗಿ ಬಂತು.

ಒಂದೇ ಭಟ್ಟಿ ಎಂದರೆ ಮುಂಜಾನೆಯೋ ಸಂಜೆಯೋ ಒಂದೇ ಹೊತ್ತು ಬಿಸಿ ಪಾವು ಎಂದೇ ಅರ್ಥ. ಅದನ್ನು ಅಂಗಡಿಗಳಿಗೆ ತಿಳಿಹೇಳುವ ಕೆಲಸ ನನ್ನ ಪಾಲಿಗೆ ಬಂತು. ಭಟ್ಟಿಯನ್ನು ಮಧ್ಯಾಹ್ನಕ್ಕೆ ಸರಿಸಿದೆವು, ಮಾಲು ನಾಲ್ಕು ಗಂಟೆಗೆ ಮುಟ್ಟುತ್ತದೆ ಎಂದು ಅಂಗಡಿ ಅಂಗಡಿಗೆ ಹೋಗಿ ಹೇಳಿದೆ. ಹೆಚ್ಚಿನವರು ಗೊಣಗಿ ಒಪ್ಪಿದರು. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಪಾವು ಕೊಳ್ಳುತ್ತಿದ್ದ ಹೋಟೆಲಿನವರು, "ನಮ್ಮ ಗಿರಾಕಿಗಿ ಮುಂಜಾನಿ ಬಿಸೀನೇ ಬೇಕ್ರಿ," ಎಂದು ಬೇರೆ ಬೇಕರಿ ಹಿಡಿದರು. ಗಂಡ ವಾರವಿಡೀ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಟೋಸ್ಟು ಚೆನ್ನಾಗಿ ಬರತೊಡಗಿ ಬೀದರದ ಎರಡು ಅಂಗಡಿಗಳು ಕೇಳಿಕೊಂಡು ಬಂದ ಮೇಲೆ ಅವರ ಮುಖ ಸಡಿಲವಾಯಿತು.

ಮರದ ಕಟ್ಟಿಗೆ ಪೂರ್ತಿ ನಿಂತಿಲ್ಲ. ದಪ್ಪ ಕೊರಡು ಇಲ್ಲದೆ ಕಲ್ಲು ಕಾವು ಹಿಡಿಯುವುದಿಲ್ಲ. ಮೊದಲು ಪ್ರತಿ ವಾರ ಬರುತ್ತಿದ್ದ ಟೆಂಪೊ ಈಗ ತಿಂಗಳಿಗೊಮ್ಮೆ ಬರುತ್ತದೆ, ಅದೂ ಬಿದ್ದ ಮರದ, ಒಣಗಿದ ಮಾಲು ಮಾತ್ರ. ಮಳೆಗಾಲಕ್ಕೆ ತೊಗರಿ ಕಟ್ಟಿಗೆ ಕಾಪಾಡಲು ಹಿತ್ತಲಿಗೆ ತಗಡಿನ ಚಪ್ಪರ ಹಾಕಿಸಿದ್ದೇವೆ.

ಈಚೆಗೆ ಟೋಸ್ಟು ತುಂಬುವ ಪ್ಲಾಸ್ಟಿಕ್ ಚೀಲಗಳು ನನ್ನ ಕಣ್ಣಿಗೆ ಚುಚ್ಚತೊಡಗಿವೆ. ಕಾಗದದ ಚೀಲದಲ್ಲಿ ಕೊಟ್ಟು ನೋಡಿದೆ, ಎರಡೇ ದಿನಕ್ಕೆ ಟೋಸ್ಟು ಮೆತ್ತಗಾಯಿತು. ಮನೆಯಿಂದ ಡಬ್ಬಿ ತಂದವರಿಗೆ ನಾಲ್ಕು ಟೋಸ್ಟು ಹೆಚ್ಚು ಎಂದು ಹಲಗೆ ಬರೆದಿಟ್ಟಿದ್ದೇನೆ. ಮೊದಲ ದಿನ ಮೂವರು ತಂದರು. ಅವರಲ್ಲೊಬ್ಬಳ ಡಬ್ಬಿ ಎಷ್ಟು ದೊಡ್ಡದಿತ್ತೆಂದರೆ, ಅರ್ಧ ಕಿಲೋ ಹಾಕಿದರೂ ತಳವೇ ಮುಚ್ಚಲಿಲ್ಲ. "ತುಂಬಸ್ರಿ," ಎಂದು ನಕ್ಕಳು. ತೂಗಿ ತೂಗಿ ತುಂಬಿಸಿದೆ, ಹಲಗೆಯಲ್ಲಿ ಬರೆದ ನಾಲ್ಕನ್ನೂ ಮೇಲೆ ಇಟ್ಟೆ.